‘ಸುಮ್ನೆ ತಮಾಷೆಗೆ ಅಂದೆ’

“ಸುಮ್ನೆ ತಮಾಷೆಗೆ ಅಂದೆ ಸಾರ್.” ಹೈಸ್ಕೂಲು ಮೇಷ್ಟ್ರುಗಳಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಸಹಪಾಠಿಯ ಮೈಬಣ್ಣಕ್ಕೋ ದಪ್ಪ ಮೈಗೋ ಒಂದು ಅಡ್ಡಹೆಸರು ಅಂಟಿಸಿ, ಅದನ್ನು ಸ್ಟಿಕರ್ ಮಾಡಿ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಹುಡುಗ ಸಿಕ್ಕಿಬಿದ್ದಾಗ ಹೇಳುವುದು ಇದನ್ನೇ. ದೊಡ್ಡವರಿಗೆ ಇದು ಬರೀ ನೆಪವಾಗಿ ಕೇಳಿಸುತ್ತದೆ. ಆದರೆ ಎಷ್ಟೋ ಸಲ ಅವನಿಗೆ ನಿಜವಾಗಿಯೂ ಗೊತ್ತಾಗಿರುವುದಿಲ್ಲ. ಏಕೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಒಳ್ಳೆಯ ಉತ್ತರಗಳಿವೆ.

ಕಿಪ್ಲಿಂಗ್ ವಿಲಿಯಮ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ ಒಮ್ಮೆ ತಮ್ಮ ನಾಯಿಯೊಂದಿಗೆ ಪಾರ್ಕಿನಲ್ಲಿದ್ದಾಗ, ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬಿ ಅವರತ್ತ ಬಂತು. ವಾಪಸ್ ಎಸೆದರು. ಅವರು ಮತ್ತೆ ಇವರ ಕಡೆಗೇ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದ ಮೇಲೆ, ಆ ಇಬ್ಬರು ಏನೂ ಹೇಳದೆ ಇವರನ್ನು ಬಿಟ್ಟು ತಮ್ಮತಮ್ಮಲ್ಲೇ ಆಡತೊಡಗಿದರು. ಹೆಸರೂ ಗೊತ್ತಿಲ್ಲದವರು ಕೈಬಿಟ್ಟರೆ ಮನಸ್ಸಿಗೇಕೆ ಇಷ್ಟು ಚುರುಕ್ಕೆನ್ನಬೇಕು? ಆ ಪ್ರಶ್ನೆಯಿಂದ ಹುಟ್ಟಿದ್ದು ‘ಸೈಬರ್‌ಬಾಲ್’ ಎಂಬ ಕಂಪ್ಯೂಟರ್ ಆಟ. ಪರದೆಯ ಮೇಲೆ ಮೂವರು, ಒಂದು ಚೆಂಡು. ಕೆಲವು ಎಸೆತಗಳಾದ ಮೇಲೆ ಉಳಿದಿಬ್ಬರು ನಿಮಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಅವರು ಮನುಷ್ಯರೂ ಅಲ್ಲ, ಬರೀ ಪ್ರೋಗ್ರಾಂ. ಆದರೂ ಆಡಿದವರ ಮುಖ ಸಪ್ಪಗಾಗುತ್ತದೆ.

2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಈ ಆಟವನ್ನು ಸ್ಕ್ಯಾನರ್‌ನೊಳಗೆ ಮಲಗಿದವರಿಂದ ಆಡಿಸಿದರು. ಮೈನೋವಿನಲ್ಲಿ ಚುರುಕಾಗುವ ಮಿದುಳಿನ ಒಂದು ಭಾಗ ಇಲ್ಲಿಯೂ ಚುರುಕಾಯಿತು. ಬೈಗುಳವೂ ಏಟೂ ಮಿದುಳಿಗೆ ಒಂದೇ ಎಂಬ ಮಾತು ಅಲ್ಲಿಂದ ಎಲ್ಲೆಡೆ ಹಬ್ಬಿತು. ಅದು ಕೊಂಚ ಅತಿಯಾಯಿತು. ಎರಡು ನೋವುಗಳ ವಿನ್ಯಾಸ ಬೇರೆಬೇರೆ ಎಂದು 2014ರ ಸೂಕ್ಷ್ಮ ವಿಶ್ಲೇಷಣೆಯೊಂದು ತೋರಿಸಿದೆ. ಮಕ್ಕಳಿಗೆ ಬುದ್ಧಿ ಹೇಳಲು ಮಿದುಳಿನ ಚಿತ್ರವೇ ಬೇಕೆಂದಿಲ್ಲ ಬಿಡಿ. ಗಮನಿಸಬೇಕಾದದ್ದು ಲಂಡನ್ನಿನ 2010ರ ಅಧ್ಯಯನ. ಅದೇ ಆಟದಲ್ಲಿ ಹೊರಗುಳಿದಾಗ ಹದಿಹರೆಯದ ಹುಡುಗಿಯರ ಮನಸ್ಸು ವಯಸ್ಕ ಹೆಂಗಸರ ಮನಸ್ಸಿಗಿಂತ ಹೆಚ್ಚು ಕುಗ್ಗಿತ್ತು. ಗೆಳೆಯರ ಗುಂಪೇ ಜಗತ್ತಾಗಿರುವ ವಯಸ್ಸದು. ಅಡ್ಡಹೆಸರಿನ ಏಟು ಆ ಪದಕ್ಕಿಂತ ಹೆಚ್ಚಾಗಿ, ಅದಕ್ಕೆ ನಗುವ ಇಮೋಜಿ ಒತ್ತಿದವರ ಸಾಲಿನಲ್ಲಿದೆ ಎಂದು ನನಗನ್ನಿಸುತ್ತದೆ.

ಇಷ್ಟಾಗಿಯೂ ಅಂದವನಿಗೆ ಅದು ತಟ್ಟುವುದಿಲ್ಲವೇಕೆ? ತನಗೆ ನೋವಿಲ್ಲದ ಹೊತ್ತಿನಲ್ಲಿ ಇನ್ನೊಬ್ಬರ ಮನನೋವನ್ನು ಮನುಷ್ಯ ಕಡಿಮೆ ಅಳೆಯುತ್ತಾನೆ. ಲೋರನ್ ನಾರ್ಡ್‌ಗ್ರೆನ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಶಿಕ್ಷಕರ ಮೇಲೆಯೇ ಪರೀಕ್ಷಿಸಿದರು. ಸೈಬರ್‌ಬಾಲ್‌ನಲ್ಲಿ ಆಗಷ್ಟೇ ಹೊರಗುಳಿದಿದ್ದ ಶಿಕ್ಷಕರು, ಶಾಲೆಯಲ್ಲಿ ಕಾಟಕ್ಕೆ ಸಿಕ್ಕ ಮಕ್ಕಳ ನೋವನ್ನು ಉಳಿದ ಶಿಕ್ಷಕರಿಗಿಂತ ಹೆಚ್ಚೆಂದು ಅಂದಾಜಿಸಿದರು. ದಿನವೂ ಮಕ್ಕಳೊಡನೆ ಇರುವ ದೊಡ್ಡವರ ಅಂದಾಜೇ ಹೀಗೆ ಏರಿಳಿಯುವಾಗ ಹದಿನಾಲ್ಕರ ಹುಡುಗನನ್ನು ಕಲ್ಲೆದೆಯವನು ಎನ್ನುವುದು ಅನ್ಯಾಯ.

ಹಾಗೆಂದು “ಅನುಭವವಾಗಲಿ” ಎಂದು ಕ್ಲಾಸಿನಲ್ಲಿ ಒಂದು ಮಗುವನ್ನು ಗುರಿ ಮಾಡಿ ಉಳಿದವರಿಂದ ಆಡಿಸುವುದು ಖಂಡಿತ ಬೇಡ. ಪ್ರಯೋಗಾಲಯದಲ್ಲಾದರೆ ಆಟ ಮುಗಿದೊಡನೆ ಕೂರಿಸಿ ನಿಜ ತಿಳಿಸುತ್ತಾರೆ, ಕ್ಲಾಸಿನಲ್ಲಿ ಆ ಮಗು ಮರುದಿನವೂ ಅದೇ ಬೆಂಚಿಗೆ ಬರಬೇಕು.

ಮೊಬೈಲಿನಲ್ಲಿ ಇನ್ನೊಂದು ತೊಡಕಿದೆ. ಎದುರಿಗಿದ್ದವನ ಮುಖ ಬಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪರದೆಯಲ್ಲಿ ಆ ಮುಖ ಕಾಣದು. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಕೆಲವು ಸಾಲುಗಳನ್ನು ವ್ಯಂಗ್ಯವಾಗಿ, ಕೆಲವನ್ನು ನಿಜವಾಗಿ ಇಮೇಲಿನಲ್ಲಿ ಬರೆದು ಕಳಿಸಿದರು. ಯಾವುದು ಯಾವುದೆಂದು ಓದುವವರು ಶೇ. 78ರಷ್ಟು ಸಲ ಹಿಡಿಯುತ್ತಾರೆ ಎಂದು ಬರೆದವರು ನಂಬಿದ್ದರು. ಹಿಡಿದದ್ದು ಶೇ. 56ರಷ್ಟು ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಬರೆಯುವಾಗ ನಮ್ಮದೇ ದನಿ, ನಮ್ಮದೇ ನಗು ತಲೆಯೊಳಗೆ ಕೇಳುತ್ತಿರುತ್ತದೆ. ಅದು ಸಾಲಿನಲ್ಲಿಯೂ ಇದೆ ಎಂದುಕೊಂಡುಬಿಡುತ್ತೇವೆ.

ಅದೇ ಸಂಶೋಧಕರು, ಬರೆದ ಸಾಲನ್ನು ಉದ್ದೇಶಕ್ಕೆ ತದ್ವಿರುದ್ಧವಾದ ದನಿಯಲ್ಲಿ ಬರೆದವರಿಂದಲೇ ಗಟ್ಟಿಯಾಗಿ ಓದಿಸಿದರು. ಅತಿಯಾದ ಆ ಭರವಸೆ ಕುಗ್ಗಿತು. ಇದನ್ನು ಎಂಟನೇ ಕ್ಲಾಸಿನಲ್ಲಿ ಒಂದು ಪೀರಿಯಡ್‌ನಲ್ಲಿ ಮಾಡಿಸಬಹುದು. ಪ್ರತಿಯೊಬ್ಬರೂ ಯಾರ ಹೆಸರನ್ನೂ ಹಾಕದೆ ಒಂದು ಕೀಟಲೆಯ ಸಾಲು ಬರೆಯಲಿ, ಅದನ್ನು ನಗದೆ, ಸಿಟ್ಟಿನ ದನಿಯಲ್ಲಿ ತಾವೇ ಓದಲಿ. ಆಮೇಲೆ ಅದನ್ನು ಹಾಗೆಯೇ ಕಳಿಸುತ್ತೀಯಾ, ತಿದ್ದುತ್ತೀಯಾ ಎಂದು ಮೇಷ್ಟ್ರು ಕೇಳಿದರೆ ಸಾಕು.