ಐದು ಲಕ್ಷ ಓಡಿದ ಇನ್ನೋವಾ: ನಂಬಿಕೆ ಎಷ್ಟು, ನಿಜ ಎಷ್ಟು?

ಮೂರು ಲಕ್ಷ ಕಿಲೋಮೀಟರ್ ಓಡಿದ ಕಾರು ಎಂದರೆ ಸಾಮಾನ್ಯವಾಗಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಇನ್ನೋವಾ ಆದರೆ ಚೌಕಾಸಿಗೆ ನಾಲ್ಕು ಜನ ಸೇರುತ್ತಾರೆ. ‘ಟೊಯೋಟಾ ಸಾರ್, ಇನ್ನೂ ಮೂರು ಲಕ್ಷ ಆರಾಮಾಗಿ ಓಡುತ್ತೆ’ ಎನ್ನುವ ಒಂದು ಮಾತಿಗೇ ಬೆಲೆ ಮೇಲೇರುತ್ತದೆ. ಮಾತು ಪೂರ್ತಿ ಸುಳ್ಳೂ ಅಲ್ಲ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ರಸ್ತೆಗಿಳಿದಾಗಿನಿಂದ ನಮ್ಮ ಟ್ಯಾಕ್ಸಿಯವರು ಘಾಟಿ ಹತ್ತಿಸಿ ಇಳಿಸಿ ಕಂಡುಕೊಂಡ ನಂಬಿಕೆ ಅದು. ತೊಂದರೆ ಏನೆಂದರೆ, ಆ ನಂಬಿಕೆಯ ಬಾಲ ಹಿಡಿದು ಹತ್ತಾರು ಅರ್ಧಸತ್ಯಗಳೂ ಓಡಾಡುತ್ತಿವೆ. ಹಳೆ ಜಪಾನಿ ಕಾರು ಕೊಂಡು ಕೈಸುಟ್ಟುಕೊಂಡವರು ಬಹುಪಾಲು ಈ ಅರ್ಧಸತ್ಯಗಳನ್ನು ನಂಬಿದವರು.

ತಪ್ಪು ಕಲ್ಪನೆ: ಜಪಾನಿ ಹೆಸರಿದ್ದರೆ ಸಾಕು, ಯಾವ ಮಾಡೆಲ್ ಆದರೂ ಗಟ್ಟಿ

ಗಟ್ಟಿತನ ಕಂಪನಿಗೆ ಅಂಟಿಕೊಂಡಿರುವ ಗುಣವಲ್ಲ. ಒಂದೊಂದು ಇಂಜಿನ್ನು, ಒಂದೊಂದು ಗೇರ್‌ಬಾಕ್ಸಿನ ಜಾತಕ ಬೇರೆ.

ಟೊಯೋಟಾದ್ದೇ ಉದಾಹರಣೆ ತೆಗೆದುಕೊಳ್ಳಿ. 2007ರಿಂದ 2009ರವರೆಗಿನ ಕ್ಯಾಮ್ರಿಗಳಲ್ಲಿದ್ದ 2.4 ಲೀಟರ್ ಪೆಟ್ರೋಲ್ ಇಂಜಿನ್ ಆಯಿಲ್ ಕುಡಿಯುವುದರಲ್ಲಿ ಕುಖ್ಯಾತ. ಪಿಸ್ಟನ್ನಿನಲ್ಲಿ ಆಯಿಲ್ ರಿಂಗ್ ಕೂರುವ ಕಡೆ, ಆಯಿಲ್ ವಾಪಸ್ ಇಳಿಯಲು ಸಣ್ಣ ತೂತುಗಳಿರುತ್ತವೆ. ಅಲ್ಲಿ ಇಂಗಾಲ ಕಟ್ಟಿಕೊಂಡರೆ ರಿಂಗು ಸಿಕ್ಕಿಹಾಕಿಕೊಳ್ಳುತ್ತದೆ, ಆಯಿಲ್ ಮೇಲೇರಿ ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ದೂರು ಹೆಚ್ಚಾಗಿ, ಅಮೆರಿಕದಲ್ಲಿ ಟೊಯೋಟಾ ಈ ದೋಷಕ್ಕಾಗಿಯೇ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಅದಕ್ಕೂ ಮುಂಚೆ, 1997ರಿಂದ 2002ರವರೆಗಿನ ಕೆಲವು ಟೊಯೋಟಾ ಇಂಜಿನ್‌ಗಳಲ್ಲಿ ಆಯಿಲ್ ಗಟ್ಟಿಯಾಗಿ ಕೆಸರಿನಂತಾಗುತ್ತಿತ್ತು. ಆಗಲೂ ಕಂಪನಿ ರಿಪೇರಿಯ ಹೊಣೆ ಹೊತ್ತಿತ್ತು.

ಹೋಂಡಾ ಇಂಜಿನ್ ಮಾಡುವುದರಲ್ಲಿ ಎತ್ತಿದ ಕೈ. ಆದರೆ 2000ದ ಆಸುಪಾಸಿನ ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳು ಅಮೆರಿಕದ ಒಡಿಸಿ, ಅಕಾರ್ಡ್ ಮಾಲೀಕರ ನಿದ್ದೆ ಕೆಡಿಸಿದ್ದವು. ನಿಸ್ಸಾನ್ ತನ್ನ 2003ರಿಂದ 2010ರ ಸಿವಿಟಿ ಗೇರ್‌ಬಾಕ್ಸುಗಳಿಗೆ ಅಮೆರಿಕದಲ್ಲಿ ಹತ್ತು ವರ್ಷ ಅಥವಾ 1.2 ಲಕ್ಷ ಮೈಲಿಯವರೆಗೆ ವಾರಂಟಿ ಎಳೆಯಬೇಕಾಯಿತು. ಕಂಪನಿಗಳು ಪುಕ್ಕಟೆಯಾಗಿ ಇಂಥ ಔದಾರ್ಯ ತೋರಿಸುವುದಿಲ್ಲ.

ನಮ್ಮಲ್ಲಂತೂ ಇನ್ನೊಂದು ಗಮ್ಮತ್ತಿದೆ. ‘ಸುಜುಕಿ ಇಂಜಿನ್ನು, ಜಪಾನಿನದ್ದು’ ಎಂದು ಎದೆ ತಟ್ಟಿ ಮಾರುವ ಹಳೆ ಸ್ವಿಫ್ಟ್ ಡೀಸೆಲ್ಲಿನ 1.3 ಲೀಟರ್ ಇಂಜಿನ್ ಮೂಲತಃ ಇಟಲಿಯ ಫಿಯೆಟ್ ಕಂಪನಿಯದು, ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಿದ್ದು. ನಿಸ್ಸಾನ್ ಸನ್ನಿ ಡೀಸೆಲ್ಲಿನ ಎದೆಯಲ್ಲಿರುವುದು ಫ್ರಾನ್ಸಿನ ರೆನೊ ಇಂಜಿನ್. ಟೆರಾನೊ ಅಂದರೆ ವೇಷ ಬದಲಿಸಿದ ಡಸ್ಟರ್. ಇವು ಕೆಟ್ಟ ಇಂಜಿನ್‌ಗಳೆಂದಲ್ಲ. ಫಿಯೆಟ್ಟಿನದಂತೂ ಒಳ್ಳೆಯ ಇಂಜಿನ್ನೇ. ಆದರೆ ಜಪಾನಿನ ಹೆಸರಿಗೆ ಹೆಚ್ಚುವರಿ ದುಡ್ಡು ಕೊಡುವವರು ಬಾನೆಟ್ಟಿನ ಒಳಗೆ ಯಾವ ದೇಶ ಕೂತಿದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಗುಣಮಟ್ಟ ಜಪಾನಿನವರ ರಕ್ತದಲ್ಲೇ ಇದೆ

1957ರಲ್ಲಿ ಟೊಯೋಟಾ ಅಮೆರಿಕಕ್ಕೆ ಕಳಿಸಿದ ಮೊದಲ ಕಾರು ಟೊಯೊಪೆಟ್ ಕ್ರೌನ್. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದು ಏದುಸಿರು ಬಿಟ್ಟಿತು, ಕೆಲವೇ ವರ್ಷದಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಗುಣಮಟ್ಟ ಅವರು ನಿಧಾನಕ್ಕೆ ಕಲಿತ ವಿದ್ಯೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿನ ಇಂಜಿನಿಯರುಗಳಿಗೆ ಗುಣಮಟ್ಟದ ಪಾಠ ಹೇಳಿದರು. ಅವರ ಹೆಸರಿನ ಪ್ರಶಸ್ತಿ ಟೊಯೋಟಾಕ್ಕೆ ಬಂದದ್ದು 1965ರಲ್ಲಿ.

ಇನ್ನೊಂದು ವಿಚಾರ. ಜಪಾನಿನಲ್ಲಿ ಕಾರುಗಳನ್ನು ಐದು ಲಕ್ಷ ಓಡಿಸುವವರು ವಿರಳ. ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆ ಜಾಸ್ತಿ. ಹಾಗಾಗಿ ಇನ್ನೂ ಗಟ್ಟಿಮುಟ್ಟಾಗಿರುವ ಕಾರುಗಳೇ ಹಡಗು ಹತ್ತಿ ಕೀನ್ಯಾ, ಪಾಕಿಸ್ತಾನ, ನ್ಯೂಜಿಲೆಂಡ್ ಕಡೆ ಹೋಗುತ್ತವೆ. ಲಕ್ಷಗಟ್ಟಲೆ ಓಡಿಸಿ ತೋರಿಸಿದ ಖ್ಯಾತಿ ಬಹುಮಟ್ಟಿಗೆ ಹೊರದೇಶದ ಚಾಲಕರದು, ಅಲ್ಲಿನ ಮೆಕ್ಯಾನಿಕ್‌ಗಳದು.

ತಪ್ಪು ಕಲ್ಪನೆ: ಮೀಟರಿನಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು

ಮೊದಲಿಗೆ, ಅಮೆರಿಕದ ವಿಡಿಯೊಗಳಲ್ಲಿ ‘ಮೂರು ಲಕ್ಷ ಓಡಿದ ಕೊರೊಲಾ’ ಎಂದರೆ ಅದು ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 4.8 ಲಕ್ಷ ಕಿಲೋಮೀಟರ್. ಇದನ್ನು ಮರೆತು ನಮ್ಮ ಕಾರಿಗೆ ಹೋಲಿಸಿ, ಒಂದೂವರೆ ಲಕ್ಷಕ್ಕೇ ‘ಮುದಿಯಾಯಿತು’ ಎನ್ನುವವರಿದ್ದಾರೆ.

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ವಾರವಿಡೀ ಓಡುವ ಯೆಲ್ಲೋ ಬೋರ್ಡ್ ಇನ್ನೋವಾದ ಇಂಜಿನ್ ಹೆಚ್ಚು ಹೊತ್ತು ಸರಿಯಾದ ಬಿಸಿಯಲ್ಲಿ, ಒಂದೇ ಹದದಲ್ಲಿ ಓಡಿರುತ್ತದೆ. ಮನೆಯಿಂದ ಮಕ್ಕಳ ಶಾಲೆಗೆ, ಅಲ್ಲಿಂದ ತರಕಾರಿ ಅಂಗಡಿಗೆ ಅಂತ ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲಿ ತೇವ, ಅರೆಬೆಂದ ಇಂಧನ ಉಳಿದು ಆಯಿಲ್ ಹಾಳಾಗುತ್ತದೆ. ಇನ್ನು ಮಗ ವಿದೇಶಕ್ಕೆ ಹೋದ ಮೇಲೆ ಶೆಡ್ಡಿನಲ್ಲಿ ಮುಸುಕು ಹೊದ್ದು ವರ್ಷಗಟ್ಟಲೆ ನಿಂತ ಹೋಂಡಾ ಸಿಟಿಯ ಮೀಟರಿನಲ್ಲಿ ನಲವತ್ತು ಸಾವಿರವೇ ಇರಬಹುದು. ಆದರೆ ಅದರ ರಬ್ಬರ್ ಹೋಸುಗಳು, ಬುಷ್‌ಗಳು, ಸೀಲುಗಳು, ಟೈರುಗಳಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಗೊತ್ತು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ‘2314’ ಎಂದಿದ್ದರೆ 2014ರ ಇಪ್ಪತ್ತಮೂರನೆಯ ವಾರದ ಟೈರು. ಅದರ ಮೇಲೆ ಎಷ್ಟು ಗುಂಡಿ ಉಳಿದಿದ್ದರೂ ಹೆದ್ದಾರಿಗೆ ನಾನಂತೂ ಒಯ್ಯುವುದಿಲ್ಲ.

ಇಷ್ಟಕ್ಕೂ ಮೀಟರನ್ನೇ ಹಿಂದಕ್ಕೆ ತಿರುಗಿಸುವುದು ಈ ದಂಧೆಯ ಹಳೆಯ ವಿದ್ಯೆ. ಡಿಜಿಟಲ್ ಬಂದ ಮೇಲೆ ಅದು ಕಷ್ಟವಾಗಲಿಲ್ಲ, ಇನ್ನೂ ಸಲೀಸಾಯಿತು. ಎಂಬತ್ತು ಸಾವಿರ ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ಬೋಳಾಗಿದ್ದರೆ, ಸ್ಟೀರಿಂಗು ಕೈ ಹಿಡಿಯುವ ಕಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಾಗಿಲ ಬದಿಯ ಅಂಚು ಕುಸಿದಿದ್ದರೆ ಸುಮ್ಮನೆ ನಕ್ಕು ಮುಂದೆ ಹೋಗಿ. ಕಂಪನಿ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ಅದನ್ನು ಕೇಳಿ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಿಂದ ನಿರ್ಬಂಧ ಬಿದ್ದ ಮೇಲೆ ಅಲ್ಲಿನ ಇನ್ನೋವಾ, ಫಾರ್ಚುನರ್‌ಗಳು ಅಗ್ಗಕ್ಕೆ ದಕ್ಷಿಣಕ್ಕೆ ಇಳಿದವು. ಅಂಥವನ್ನು ಕೊಳ್ಳುವಾಗಲಂತೂ ದಾಖಲೆಯಿಲ್ಲದೆ ಮುಂಗಡ ಕೊಡಬೇಡಿ. ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿದರೆ ಆ ‘ಅಗ್ಗ’ ಎಷ್ಟು ಉಳಿಯುತ್ತದೆ ಎಂದೂ ಲೆಕ್ಕ ಹಾಕಿ.

ತಪ್ಪು ಕಲ್ಪನೆ: ಸರ್ವಿಸ್ ತಪ್ಪಿದರೂ ಏನೂ ಆಗಲ್ಲ, ಟೊಯೋಟಾ ಓಡುತ್ತಲೇ ಇರುತ್ತೆ

ಎಲ್ಲಕ್ಕಿಂತ ಅಪಾಯದ ಮಾತು ಇದೇ. ಏಕೆಂದರೆ ಸ್ವಲ್ಪ ದಿನ ಇದು ನಿಜವಾಗಿಯೇ ನಿಜ. ಬೇರೆ ಕಾರು ಐದು ಸಾವಿರಕ್ಕೆ ಮುನಿಸಿಕೊಂಡರೆ ಇದು ಐವತ್ತು ಸಾವಿರ ಸಹಿಸಿಕೊಳ್ಳುತ್ತದೆ. ಆ ಸಹನೆಯೇ ಮೋಸ ಮಾಡುವುದು. ಮೊದಲ ಮಾಲೀಕ ಉಳಿಸಿದ ದುಡ್ಡನ್ನು ಮೂರನೆಯ ಮಾಲೀಕ ಬಡ್ಡಿ ಸಮೇತ ಕಟ್ಟುತ್ತಾನೆ.

ಕ್ವಾಲಿಸ್ಸಿನ ಕೀರ್ತಿಯನ್ನು ಇನ್ನೋವಾಕ್ಕೆ ಹಾಗೇ ದಾಟಿಸುವುದೂ ತಪ್ಪು. ಕ್ವಾಲಿಸ್ಸಿನ 2.4 ಲೀಟರ್ ಡೀಸೆಲ್ ಟರ್ಬೊ ಇಲ್ಲದ, ಹಳೆ ಕಾಲದ ಸೀದಾ ಇಂಜಿನ್. ಶಕ್ತಿ ಕಡಿಮೆ, ಹೊಗೆ ಜಾಸ್ತಿ, ಆದರೆ ಊರಿನ ಮೆಕ್ಯಾನಿಕ್ಕೂ ಬಿಚ್ಚಿ ಕಟ್ಟಬಲ್ಲ. 2005ರಲ್ಲಿ ಬಂದ ಇನ್ನೋವಾದ 2.5 ಲೀಟರ್ ಇಂಜಿನ್ ಕಾಮನ್ ರೈಲ್, ಟರ್ಬೊ ಇರುವಂಥದ್ದು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಅದರ ಇಂಜೆಕ್ಟರುಗಳಿಗೆ ಕಲಬೆರಕೆ ಡೀಸೆಲ್, ಬದಲಿಸದ ಫಿಲ್ಟರ್ ಎರಡೂ ವಿಷ. ಇದೇ ಮನೆತನದ 3.0 ಲೀಟರ್ ಇಂಜಿನ್ನಿಗೆ ಆಸ್ಟ್ರೇಲಿಯಾದಲ್ಲಿ ಒಂದು ಕಾಯಿಲೆ ಹೆಸರುವಾಸಿ. ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಸೋರಿ, ಉರಿದ ಅನಿಲ ಆಯಿಲಿಗೆ ಸೇರಿ, ಆಯಿಲ್ ಮಸಿಯಾಗಿ, ಕೊನೆಗೆ ಸಂಪಿನ ಜಾಲರಿ ಕಟ್ಟಿಕೊಂಡು ಇಂಜಿನ್ನಿಗೆ ಆಯಿಲೇ ಸಿಗದೆ ಹೋಗುವುದು. ಕೆಲವು ನೂರು ರೂಪಾಯಿಯ ವಾಷರಿನಿಂದ ಇಡೀ ಇಂಜಿನ್ ಹೋಗಬಹುದು.

ಟೈಮಿಂಗ್ ಬೆಲ್ಟ್ ಇನ್ನೊಂದು. ಈ ಇನ್ನೋವಾದಲ್ಲಿರುವುದು ಚೈನ್ ಅಲ್ಲ, ಬೆಲ್ಟು. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಲೇಬೇಕು. ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಹೆಡ್ ಇಳಿಸುವ ಕೆಲಸ ಗ್ಯಾರಂಟಿ. 2016ರ ಕ್ರಿಸ್ಟಾದಿಂದೀಚೆಗೆ ಡೀಸೆಲ್ಲಿಗೆ ಚೈನ್ ಬಂತು. ‘ಬೆಲ್ಟ್ ಹಾಕಿಸಿದ್ದೀನಿ ಸಾರ್’ ಎಂದರೆ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ಲೆಕ್ಕ ಹಿಡಿದು ಅಷ್ಟು ಬೆಲೆ ಇಳಿಸಿ.

ಕಾರು ನೋಡಲು ಹೋದಾಗ ಒಂದು ಕೆಲಸ ಮಾಡಿ. ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ, ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆ ಎಂದು ಹೇಳಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಬರುವ ಹೊಗೆಯ ಬಣ್ಣ ನೋಡಿ. ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು ಡೀಸೆಲ್ ವಾಸನೆ ಕಣ್ಣು ಉರಿಸಿದರೆ ಇಂಜೆಕ್ಟರ್ ಮೇಲೆ ಅನುಮಾನ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆದು ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಕ್ಯಾಪ್ ಕುಣಿದು ಹಾರಿ, ಒಳಗಿಂದ ಹೊಗೆ ಬುಸ್ಸೆಂದು ಬಂದರೆ ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಶನ್’ ಅನ್ನುವುದು ಅದನ್ನೇ. ರಿಂಗು, ಬೋರು ಸವೆದಿವೆ. ಮಾರುವವರು ಎಷ್ಟೇ ಬಣ್ಣ ಕಟ್ಟಿ ಹೇಳಿದರೂ ಆ ಕ್ಯಾಪಿನ ಮಾತನ್ನೇ ನಂಬಿ.

ತಪ್ಪು ಕಲ್ಪನೆ: ಹಳೆ ಇಂಜಿನ್ನಿಗೆ ದಪ್ಪ ಆಯಿಲ್, ಗೇರ್‌ಬಾಕ್ಸಿಗೆ ಆಯಿಲ್ ಬದಲಿಸಲೇಬಾರದು

ದಪ್ಪ ಆಯಿಲ್ ಹಾಕಿದರೆ ಸದ್ದು ಅಡಗುತ್ತದೆ, ಸವೆತ ಅಡಗುವುದಿಲ್ಲ. ತಣ್ಣಗಿನ ಬೆಳಗ್ಗೆ ಅದು ಮೇಲಕ್ಕೇರುವಷ್ಟರಲ್ಲಿ ಕ್ಯಾಮ್ ಶಾಫ್ಟ್ ಒಣಗಿ ತಿರುಗಿರುತ್ತದೆ. ಮಾರುವ ಮುನ್ನಾದಿನ ದಪ್ಪ ಆಯಿಲ್ ಸುರಿಯುವ ಚಾಳಿಯೂ ಉಂಟು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ‘ಲೈಫ್ ಟೈಮ್’ ಎನ್ನುವುದು ಗೇರ್‌ಬಾಕ್ಸ್ ಸಾಯುವವರೆಗೆ ಮಾತ್ರ ನಿಜ. ಮೂರು ಲಕ್ಷ ಓಡುವ ಆಸೆಯಿದ್ದರೆ ಬದಲಿಸಬೇಕು.

ತಪ್ಪು ಕಲ್ಪನೆ: ಜಪಾನಿ ಕಾರಿನ ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ

ಮಾರುತಿ, ಇನ್ನೋವಾ, ಹೋಂಡಾ ಸಿಟಿಗಳ ಮಟ್ಟಿಗೆ ಹೌದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಅರ್ಧ ಕಾರು ಕಟ್ಟಬಹುದು, ಉಳಿದದ್ದಕ್ಕೆ ಶಿವಾಜಿನಗರದ ಗುಜರಿ ಇದೆ. ಆದರೆ ಮಿತ್ಸುಬಿಷಿ ಲ್ಯಾನ್ಸರ್, ಸೀಡಿಯಾ, ಹಳೆ ಪಜೆರೊ ಇಟ್ಟುಕೊಂಡವರನ್ನು ಕೇಳಿ. ಇಂಜಿನ್ನು ಇನ್ನೂ ಹಾಡುತ್ತಿರುತ್ತದೆ, ಒಂದು ಹೆಡ್‌ಲೈಟಿಗಾಗಿ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ಜೆ.ಸಿ. ರಸ್ತೆಯಲ್ಲೂ ಪ್ಯಾಕೆಟ್ ಮೇಲೆ ಟೊಯೋಟಾ ಎಂದು ಬರೆದ ಮಾತ್ರಕ್ಕೆ ಒಳಗಿರುವುದು ಟೊಯೋಟಾ ಅಲ್ಲ. ಫಿಲ್ಟರ್, ಟೈಮಿಂಗ್ ಬೆಲ್ಟ್, ಬ್ರೇಕ್ ಪ್ಯಾಡಿನಂಥ ಜೀವದ ವಸ್ತುಗಳಲ್ಲಿ ಇನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ತಪ್ಪು ಕಲ್ಪನೆ: ಇಂಜಿನ್ ಗಟ್ಟಿಯಿದ್ದರೆ ಕಾರೇ ಗಟ್ಟಿ

ಇಂಜಿನ್ ಸಾಯುವ ಮುಂಚೆ ಮೈ ಕೊಳೆಯಬಹುದು. ಅಮೆರಿಕದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ಟೊಯೋಟಾ ಟಕೋಮಾ ಪಿಕಪ್‌ಗಳ ಚಾಸಿಯೇ ತೂತುಬಿದ್ದಿತ್ತು. 1995ರಿಂದ 2000ದವರೆಗಿನ ಆ ಗಾಡಿಗಳಲ್ಲಿ ತೀರಾ ಹಾಳಾದವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ಕಂಪನಿಯೇ ವಾಪಸ್ ಕೊಂಡಿತು. ನಮ್ಮಲ್ಲಿ ಹಿಮವಿಲ್ಲ, ಆದರೆ ಕಾರವಾರ, ಮಲ್ಪೆ, ಉಳ್ಳಾಲದ ಗಾಳಿಯಲ್ಲಿ ಉಪ್ಪಿದೆ. ಕರಾವಳಿಯಲ್ಲಿ ಬೆಳೆದ ಗಾಡಿಯನ್ನು ಲಿಫ್ಟಿಗೆ ಏರಿಸಿ, ಸ್ಕ್ರೂಡ್ರೈವರಿನಿಂದ ಚಾಸಿಯನ್ನು ತಟ್ಟಿ ನೋಡದೆ ಕೊಳ್ಳಬಾರದು. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಕಂಡರೆ ಎರಡು ಸಲ ತಟ್ಟಿ.

ಗಟ್ಟಿ ಎಂಬುದಕ್ಕೂ ಸುರಕ್ಷಿತ ಎಂಬುದಕ್ಕೂ ಸಂಬಂಧವಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಸ್ವಿಫ್ಟ್, ನಿಸ್ಸಾನಿನದ್ದೇ ಆದ ಡಾಟ್ಸನ್ ಗೋ ಮೂರಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್.

ಏರ್‌ಬ್ಯಾಗ್ ಇದ್ದ ಹಳೆ ಕಾರುಗಳ ಕಥೆ ಇನ್ನೂ ವಿಚಿತ್ರ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗಿನಲ್ಲಿ ಗಾಳಿ ತುಂಬಲು ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ಸೆಕೆ, ತೇವ ತಿಂದ ಆ ರಾಸಾಯನಿಕ ಸ್ಫೋಟದ ಹೊತ್ತಿಗೆ ಅಳತೆ ಮೀರಿ ಉರಿದು, ಲೋಹದ ಡಬ್ಬಿ ಸಿಡಿದು ಚೂರುಗಳು ಚಾಲಕನ ಕುತ್ತಿಗೆಗೆ ಹೊಕ್ಕ ಪ್ರಕರಣಗಳಾದವು. ಜಗತ್ತಿನ ಅತಿ ದೊಡ್ಡ ರಿಕಾಲ್ ಅದು. 2017ರಲ್ಲಿ ಟಕಾಟಾ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾ ಸಿಟಿ, ಜಾಝ್, ಸಿವಿಕ್, ಅಕಾರ್ಡ್, ಟೊಯೋಟಾ ಕೊರೊಲಾದಂಥ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದರು. ಆದರೆ ಮೂರ‍್ನಾಲ್ಕು ಕೈ ಬದಲಾದ ಕಾರಿನ ಈಗಿನ ಮಾಲೀಕನಿಗೆ ಆ ಪತ್ರ ತಲುಪಿರಬೇಕೆಂದಿಲ್ಲ. ಕಾರಿಗೆ ವಯಸ್ಸಾದಷ್ಟೂ, ಊರು ಮಂಗಳೂರಿನಷ್ಟು ಸೆಕೆಯದಾದಷ್ಟೂ ಅಪಾಯ ಹೆಚ್ಚು. ಚಾಸಿ ನಂಬರ್ ಹಿಡಿದು ಆಯಾ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ನಿಮ್ಮ ಕಾರು ಪಟ್ಟಿಯಲ್ಲಿದೆಯೋ, ಹಿಂದಿನವರು ಬದಲಿಸಿದ್ದಾರೋ ಎಂದು ನೋಡಿ ಹೇಳುತ್ತಾರೆ. ರಿಕಾಲ್‌ನಡಿ ಬದಲಿಸುವ ಈ ಭಾಗಕ್ಕೆ ದುಡ್ಡು ಕೊಡಬೇಕಾಗಿಲ್ಲ.