ಕತ್ತರಿಸಿ ಹೊಲಿಯಬಹುದಾದ ಮೂಳೆ

ಅಪಘಾತದಲ್ಲಿ ದವಡೆ ಚೂರಾಗಲಿ, ಗಡ್ಡೆ ತೆಗೆದ ಮೇಲೆ ಮೂಳೆಯಲ್ಲಿ ಹಳ್ಳ ಉಳಿಯಲಿ, ಶಸ್ತ್ರವೈದ್ಯರು ಇವತ್ತಿಗೂ ಹೆಚ್ಚಾಗಿ ನೆಚ್ಚುವುದು ರೋಗಿಯ ಸೊಂಟದ ಮೂಳೆಯನ್ನೇ. ಅಲ್ಲಿಂದ ತುಂಡೊಂದನ್ನು ಕೊಯ್ದು ಇಲ್ಲಿ ಕೂರಿಸುತ್ತಾರೆ. ಮೈ ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ, ನಿಜ. ಆದರೆ ಒಂದು ಗಾಯ ಮಾಯಿಸಲು ಇನ್ನೊಂದು ಗಾಯ ಮಾಡಬೇಕು. ಟೈಟಾನಿಯಂ ತಟ್ಟೆ ಹಾಕಿದರೆ ಆ ನೋವಿಲ್ಲ. ಬೆಳೆಯುವ ಮಗುವಿನ ಜೊತೆ ಮಾತ್ರ ಅದು ಬೆಳೆಯದು.

ಈ ಇಕ್ಕಟ್ಟಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಮೀಲ್ ಶಾ, ಆಡಂ ಜೇಕಸ್ ಮತ್ತು ಸಂಗಡಿಗರು 2016ರಲ್ಲಿ ಒಂದು ಉತ್ತರ ಮುಂದಿಟ್ಟರು. ಹೆಸರು ‘ಹೈಪರ್‌ಎಲಾಸ್ಟಿಕ್ ಬೋನ್’. ತೂಕದಲ್ಲಿ ಶೇ 90ರಷ್ಟು ಹೈಡ್ರಾಕ್ಸಿಅಪಟೈಟ್, ಅಂದರೆ ನಮ್ಮ ಮೂಳೆಗೆ ಗಡಸುತನ ಕೊಡುವ ಖನಿಜದ ಬಗೆಯದೇ. ಉಳಿದ ಶೇ 10 ಮೈಯೊಳಗೆ ತಾನಾಗಿ ಕರಗುವ ಪಾಲಿಮರ್.

ಇಷ್ಟು ಖನಿಜ ತುಂಬಿದ ವಸ್ತು ಬಾಗಿಸಿದರೆ ಸಾಕು, ಪುಡಿಯಾಗಬೇಕು. ಇದು ಆಗುವುದಿಲ್ಲ. ಇದನ್ನು 3ಡಿ ಮುದ್ರಣದಲ್ಲಿ ತಯಾರಿಸುತ್ತಾರೆ, ಗುಟ್ಟಿರುವುದು ಆ ಮುದ್ರಣದ ಶಾಯಿ ತಯಾರಿಸುವ ಬಗೆಯಲ್ಲಿ. ಸಾಮಾನ್ಯವಾಗಿ ಪ್ಲಾಸ್ಟಿಕ್ಕನ್ನು ಕಾಯಿಸಿ ಕರಗಿಸಿ ಅದಕ್ಕೆ ಖನಿಜದ ಪುಡಿ ಬೆರೆಸುತ್ತಾರೆ. ಪುಡಿ ಹೆಚ್ಚಾದರೆ ಯಂತ್ರದ ನಳಿಗೆ ಕಟ್ಟಿಕೊಳ್ಳುತ್ತದೆ. ಕಡಿಮೆಯಾದರೆ ಪ್ಲಾಸ್ಟಿಕ್ಕೇ ಖನಿಜವನ್ನು ಮುಚ್ಚಿಬಿಟ್ಟು ಜೀವಕೋಶಗಳಿಗೆ ಅದರ ಸ್ಪರ್ಶವೇ ಸಿಗದು. ಶಾ ತಂಡ ಕಾಯಿಸುವುದನ್ನೇ ಕೈಬಿಟ್ಟಿತು. ಬೇಗ ಆವಿಯಾಗುವ ದ್ರಾವಕದಲ್ಲಿ ಪಾಲಿಮರ್ ಕರಗಿಸಿ, ಪುಡಿ ಕಲಸಿ, ಶಾವಿಗೆ ಒತ್ತಿದಂತೆ ಎಳೆ ಎಳೆಯಾಗಿ ಪದರದ ಮೇಲೆ ಪದರ ಹಾಸಿತು. ನಳಿಗೆಯಿಂದ ಹೊರಬಂದೊಡನೆ ದ್ರಾವಕ ಹಾರಿಹೋಗಿ ಎಳೆ ಗಟ್ಟಿಯಾಗುತ್ತದೆ, ಕಣಗಳ ನಡುವೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಒತ್ತಿದರೆ ಕುಗ್ಗಿ ಮತ್ತೆ ಹಿಗ್ಗುವ ಗುಣ ಹೀಗೆ ಬಂತು. ಬಿಸಿಯ ಕಾಟವಿಲ್ಲದ್ದರಿಂದ ಶಾಯಿಗೇ ಆ್ಯಂಟಿಬಯಾಟಿಕ್ ಸೇರಿಸಲೂಬಹುದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದು ಶಸ್ತ್ರವೈದ್ಯರ ಕೈಗೆ ಒಗ್ಗುವ ರೀತಿ. ಆಪರೇಷನ್ ಮೇಜಿನ ಬಳಿಯೇ ಬೇಕಾದಷ್ಟು ಕತ್ತರಿಸಿ, ಸುರುಳಿ ಸುತ್ತಿ, ಹಳ್ಳಕ್ಕೆ ಒತ್ತಿ ಕೂರಿಸಬಹುದು, ಹೊಲಿಗೆಯನ್ನೂ ಹಾಕಬಹುದು. ಮನುಷ್ಯರ ಅಸ್ಥಿಮಜ್ಜೆಯ ಕಾಂಡಕೋಶಗಳು ಪ್ರಯೋಗಾಲಯದಲ್ಲಿ ಇದರ ಮೇಲೆ, ಬೇರೆ ಪ್ರಚೋದಕದ ಹಂಗಿಲ್ಲದೆ, ಮೂಳೆಕೋಶಗಳಾಗುವತ್ತ ಹೊರಳಿದವು. ಇಲಿಯ ಬೆನ್ನುಮೂಳೆಯಲ್ಲಿ, ಮಂಗದ ತಲೆಬುರುಡೆಯಲ್ಲಿ ಪರೀಕ್ಷೆಗಳು ನಡೆದವು. ಶಾ ಮತ್ತು ಜೇಕಸ್ ಕಟ್ಟಿದ ಡೈಮೆನ್ಷನ್ ಇಂಕ್ಸ್ ಕಂಪನಿ ಇದೇ ಬಗೆಯಲ್ಲಿ ತಯಾರಿಸಿದ ‘ಸಿಎಂಫ್ಲೆಕ್ಸ್’ಗೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಆದರೆ ಮೈಭಾರ ಹೊರುವ ತೊಡೆಯ ಮೂಳೆಯ ಮಾತು ಬೇರೆ. ರಕ್ತನಾಳ ಒಳಹೊಕ್ಕು ಹೊಸ ಮೂಳೆ ಬೆಳೆಯಲು ರಂಧ್ರ ಬೇಕು, ರಂಧ್ರ ಹೆಚ್ಚಿದಷ್ಟೂ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಹೀಗಾಗಿ ನಡೆಯುವ ಕಾಲಿಗೆ ಈ ಮೆದು ಮೂಳೆಯೊಂದೇ ಸಾಲದು, ಲೋಹದ ಆಸರೆ ಬೇಕೇ ಬೇಕು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳೂ ಮೂಳೆಗೆ ಹೊಂದುವ, ಮುದ್ರಿಸಬಹುದಾದ ಸಾಮಗ್ರಿಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತ ಬಂದಿವೆ.