ಮದ್ದು ಗಿಡಕ್ಕಲ್ಲ, ಮಣ್ಣಿಗೆ

ಮುಂಗಾರು ಮಳೆ ಹಿಡಿದ ಮೇಲೆ ಧಾರವಾಡದ ಹಿತ್ತಲುಗಳಲ್ಲಿ ಟೊಮೆಟೊ ಗಿಡ ಸೊರಗತೊಡಗುತ್ತದೆ. ಕಾಯಿ ಹಿಡಿದ ಗಿಡ ಜೋತುಬಿದ್ದರೆ ಯಾರಿಗಾದರೂ ಸಂಕಟವೇ. ನೀರು ಸಾಲದೆಂದು ಮತ್ತೊಂದು ಕೊಡ ಸುರಿಯುವವರೇ ಹೆಚ್ಚು. ಬುಡ ತೊಯ್ದಷ್ಟೂ ರೋಗಕ್ಕೆ ಅನುಕೂಲ.

ಔಷಧಿ ಅಂಗಡಿಗೆ ಹೋಗುವ ಮೊದಲು ಗಿಡವನ್ನು ಬೇರುಸಮೇತ ಕಿತ್ತು ನೋಡಬೇಕು. ಬುಡದಲ್ಲಿ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಕಾಳುಗಳಿದ್ದರೆ ಅದು ಸ್ಕ್ಲೆರೋಶಿಯಂ. ಕೆಳಗಿನ ಎಲೆಗಳು, ಎಷ್ಟೋ ಸಲ ಒಂದೇ ಮಗ್ಗುಲಿಗೆ, ಹಳದಿಯಾಗಿ, ಕಾಂಡ ಸೀಳಿದಾಗ ತೊಗಟೆಯೊಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ. ಎಲೆ ಹಸಿರಿರುವಾಗಲೇ ಗಿಡ ಬಾಡಿತೇ? ಕಾಂಡದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಹೊರಟರೆ ಅದು ಶಿಲೀಂಧ್ರವೇ ಅಲ್ಲ, ಬ್ಯಾಕ್ಟೀರಿಯಾ. ಅನುಮಾನವಿದ್ದರೆ ಕೃಷಿ ವಿಶ್ವವಿದ್ಯಾಲಯ ಊರಲ್ಲೇ ಇದೆ. ಸಸ್ಯರೋಗ ವಿಭಾಗದವರಿಗೆ ತೋರಿಸಬಹುದು.

ಅದೇ ಮಡಿಯಲ್ಲಿ ಮುಂದೇನು ಹಚ್ಚಬೇಕೆಂಬುದು ಈ ಗುರುತಿನ ಮೇಲೆ ನಿಂತಿದೆ. ಟೊಮೆಟೊ ಸೊರಗಿಸುವ ಫ್ಯುಸೇರಿಯಂ ಬೆಂಡೆಯನ್ನು ಕಾಡದು. ಸ್ಕ್ಲೆರೋಶಿಯಂ ಹಾಗಲ್ಲ, ಶೇಂಗಾ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಬಿಡದು. ಅಲ್ಲಿ ಗೋವಿನಜೋಳ ಲೇಸು.

ಸೊರಗಿದ ಗಿಡ ಮತ್ತೆ ಚಿಗುರುವುದು ಅಪರೂಪ. ಆದ್ದರಿಂದ ನಿಜವಾದ ಚಿಕಿತ್ಸೆ ಬೇಸಿಗೆಯಲ್ಲೇ ಆಗಬೇಕು, ಅದಕ್ಕೆ ನಮ್ಮ ಏಪ್ರಿಲ್-ಮೇ ಬಿಸಿಲಿಗಿಂತ ಅಗ್ಗದ್ದು ಬೇರಿಲ್ಲ. ಮಡಿ ಅಗೆದು, ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣೊತ್ತಿ 4ರಿಂದ 6 ವಾರ ಬಿಡಬೇಕು. ಕಪ್ಪು ಹಾಳೆ ಬೇಡ, ಬಿಸಿಲು ಒಳಗಿಳಿಯದು. ಒಣಮಣ್ಣೂ ಬೇಡ, ತೇವವಿದ್ದರೆ ಶಾಖ ಆಳಕ್ಕೆ ಹೋಗುತ್ತದೆ. ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ವಿಧಾನವಿದು.

ಬಿಸಿಲುಂಡ ಮಣ್ಣಿಗೆ ಒಳ್ಳೆಯ ಜೀವಿಗಳನ್ನು ತುಂಬಬೇಕು. 10 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ತೇವ ಕಾಯ್ದು, 15 ದಿನದ ಮೇಲೆ ಮಡಿಗೆ ಕೊಡಿ. ಅದರ ಬೆನ್ನಿಗೇ ಶಿಲೀಂಧ್ರನಾಶಕ ಸುರಿಯಬಾರದು, ಟ್ರೈಕೋಡರ್ಮಾವೂ ಶಿಲೀಂಧ್ರವೇ. ಎರಿ ಮಣ್ಣಿನ ಹಿತ್ತಲಾದರೆ ಏರುಮಡಿ ಕಡ್ಡಾಯ. ಮಸಾರಿಯಲ್ಲಿ ನೀರು ತಾನೇ ಬಸಿಯುತ್ತದೆ.

ತಳಿಯ ಹೆಸರು ನಂಬಿ ನಿಶ್ಚಿಂತರಾಗುವಂತೆಯೂ ಇಲ್ಲ. ಹೆಸರಘಟ್ಟದ ಅರ್ಕಾ ರಕ್ಷಕ್ ತಡೆಯುವುದು ಎಲೆಮುರುಟು ವೈರಸ್, ಬ್ಯಾಕ್ಟೀರಿಯಾ ಸೊರಗು ಮತ್ತು ಆರಂಭಿಕ ಅಂಗಮಾರಿಯನ್ನು. ಸ್ಕ್ಲೆರೋಶಿಯಂ ಆ ಪಟ್ಟಿಯಲ್ಲಿಲ್ಲ. ಕಿತ್ತ ಗಿಡವನ್ನು ತಿಪ್ಪೆಗೆ ಎಸೆಯದೆ ಸುಟ್ಟುಬಿಡಿ.